ಕೆಜಿಎಫ್ ಮೈನ್ಸ್‌ನಲ್ಲಿದ್ದ ಅಪ್ಪನ್ನ ಕ್ಯಾಲಿಫೋರ್ನಿಯಾದಲ್ಲಿ ಯಾವ ಸ್ಟೇಟ್ ಪಾರ್ಕ್‌ಗೆ ಕರ್ಕೊಂಡು ಹೋಗ್ಲಿ?

ಬಂಗಾರಪೇಟೆ ಮಗಳು

ಎಲ್ಲರಿಗೂ ನಮಸ್ಕಾರ. ನಾವಿರೋದು ಫ್ರೀಮಾಂಟ್‌ನಲ್ಲಿ. ಅಪ್ಪ ಅಮ್ಮ ಮೇ ಮೊದಲನೇ ವಾರ ಬರ್ತಿದಾರೆ, ಆರು ತಿಂಗಳು ಇರ್ತಾರೆ. ಹೋದ ಸಲ ಬಂದಾಗ ಎಲ್ಲಾರೂ ಮಾಡೋದನ್ನೇ ನಾವೂ ಮಾಡಿದ್ವಿ, ಗೋಲ್ಡನ್ ಗೇಟು, ಲಾಸ್ ವೇಗಸ್ಸು, ಲಿವರ್‌ಮೋರ್ ದೇವಸ್ಥಾನ, ಔಟ್‌ಲೆಟ್ ಮಾಲು, ಎರಡು ತಿಂಗಳಾಗೋಷ್ಟರಲ್ಲಿ ಅಪ್ಪನಿಗೆ ಸಾಕಾಗಿಹೋಗಿತ್ತು. ಅಪ್ಪ ಏನೂ ಬಾಯ್ಬಿಟ್ಟು ಹೇಳಲ್ಲ, ಸುಮ್ನೆ ಬಾಲ್ಕನಿಲಿ ಕೂತ್ಕೊಂಡು ಪಾರ್ಕಿಂಗ್ ಲಾಟ್ ನೋಡ್ತಿರ್ತಾರೆ, ಅದು ನೋಡಿ ನಂಗೆ ಹೊಟ್ಟೆ ಕಿವುಚಿದಂಗಾಗುತ್ತೆ.

ಅಪ್ಪ ಕೆಜಿಎಫ್‌ನವರು. ಚಾಂಪಿಯನ್ ರೀಫ್ ಗಣಿಯ ಸರ್ವೆ ಸೆಕ್ಷನ್‌ನಲ್ಲಿದ್ರು, 1974ರಲ್ಲಿ ಸೇರಿದ್ದು, 2001 ಫೆಬ್ರವರಿ 28ಕ್ಕೆ ಮೈನ್ಸ್ ಮುಚ್ಚೋವರೆಗೂ ಅಲ್ಲೇ. ಈಗ 73 ವರ್ಷ, ನಡೆಯೋಕೆ ತೊಂದ್ರೆ ಇಲ್ಲ, ದಿನಾ ಮೂರು ಮೈಲಿ ನಡೀತಾರೆ. ಅಮ್ಮನಿಗೆ ಮಂಡಿ ನೋವು, ಒಂದು ಮೈಲಿಗಿಂತ ಜಾಸ್ತಿ ಆಗಲ್ಲ. ಮಗ ನಾಲ್ಕನೇ ಕ್ಲಾಸು, ಅವನಿಗೆ ಓಡಾಡೋಕೆ ಜಾಗ ಇದ್ರೆ ಸಾಕು.

ಈ ಸಲ ಸ್ಟೇಟ್ ಪಾರ್ಕ್‌ಗಳಿಗೆ ಕರ್ಕೊಂಡು ಹೋಗೋಣ ಅನ್ಕೊಂಡಿದೀನಿ, ಸ್ವಲ್ಪ ಕಾಡು, ಸ್ವಲ್ಪ ಆ ಊರಿನ ಹಳೇ ಕಥೆ, ಎರಡೂ ಒಂದೇ ದಿನದಲ್ಲಿ ಸಿಗೋ ಥರ. ಗೂಗಲ್ ಮಾಡಿದ್ರೆ ನೂರೆಂಟು ಹೆಸರು ಬರುತ್ತೆ, ಎಲ್ಲಾದಕ್ಕೂ ಸೂಪರ್ ಸೂಪರ್ ಅಂತಾನೇ ಬರ್ದಿರ್ತಾರೆ. ಅಪ್ಪ ಅಮ್ಮನ ಜೊತೆ ಹೋಗಿಬಂದವರು ಹೇಳಿ ಪ್ಲೀಸ್, ಎಲ್ಲಿ ಅವರು ನಿಜವಾಗ್ಲೂ ಮಾತಾಡಿದ್ರು, ಎಲ್ಲಿ ಸುಮ್ನೆ ಫೋಟೋ ತೆಗೆಸ್ಕೊಂಡು ಕಾರ್ ಹತ್ತಿದ್ರು ಅಂತ.

ತೀರ್ಥಹಳ್ಳಿ ಕಡೆಯೋಳು

ಅಮ್ಮನ ಮಂಡಿ ನೋವು ಅಂದ್ರಲ್ಲ, ಹಾಗಾದ್ರೆ ಶುರು ಮಾಡೋಕೆ ಹೆನ್ರಿ ಕೊವೆಲ್ ರೆಡ್‌ವುಡ್ಸ್ ಸರಿ. ಫೆಲ್ಟನ್ ಅನ್ನೋ ಊರಲ್ಲಿದೆ, ನಿಮ್ಮಲ್ಲಿಂದ ಒಂದು ಗಂಟೆ ಅಷ್ಟೆ. ಹಳೇ ಮರಗಳ ಮಧ್ಯೆ ಒಂದು ಸುತ್ತು ಇದೆ, ಮುಕ್ಕಾಲು ಮೈಲಿ ಚಿಲ್ಲರೆ, ಪೂರ್ತಿ ಸಮತಟ್ಟು. ನಮ್ಮತ್ತೆ ಕೋಲು ಹಿಡ್ಕೊಂಡೇ ಪೂರ್ತಿ ಸುತ್ತು ಬಂದ್ರು. ಒಂದು ಮರದ ಬುಡ ಟೊಳ್ಳಾಗಿದೆ, ಒಳಗೆ ಬಗ್ಗಿ ಹೋದ್ರೆ ಹತ್ತು ಹನ್ನೆರಡು ಜನ ನಿಂತ್ಕೋಬಹುದು, ಒಳಗೆ ಕಗ್ಗತ್ತಲೆ. 1840ರ ದಶಕದಲ್ಲಿ ಫ್ರೀಮಾಂಟ್ ಅನ್ನೋ ಸೈನ್ಯದವನು ಅದರೊಳಗೆ ಉಳ್ಕೊಂಡಿದ್ದ ಅಂತ ಕಥೆ, ನಿಮ್ಮೂರಿಗೆ ಹೆಸರು ಬಂದಿರೋದೂ ಅವನಿಂದಾನೇ, ಮಗನಿಗೆ ಹೇಳಿ ಖುಷಿಪಡ್ತಾನೆ.

ಅಲ್ಲಿಂದ ಬಿಗ್ ಬೇಸಿನ್ ದೂರ ಇಲ್ಲ, ಆದ್ರೆ ಅದಕ್ಕೆ ಇನ್ನೊಂದು ದಿನ ಇಟ್ಕೊಳಿ. ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕ್‌ಗಳಲ್ಲೆಲ್ಲ ಹಳೇದು ಅದು, 1902ರದ್ದು. ಅದು ಆಗಿದ್ದರ ಹಿಂದೆ ಒಂದು ಕಥೆ ಇದೆ. ಆಂಡ್ರೂ ಹಿಲ್ ಅಂತ ಸ್ಯಾನ್ ಹೋಸೆಯ ಫೋಟೋಗ್ರಾಫರ್, 1900ರಲ್ಲಿ ಈಗ ಹೆನ್ರಿ ಕೊವೆಲ್ ಆಗಿರೋ ಅದೇ ತೋಪಿಗೆ ದೊಡ್ಡ ಮರಗಳ ಫೋಟೋ ತೆಗೆಯೋಕೆ ಹೋಗಿದ್ದ. ಆಗ ಅದು ಖಾಸಗಿ ಜಾಗ, ಮಾಲೀಕ ಬಂದು ನನ್ನ ಮರದ ಫೋಟೋ ಯಾಕೆ ತೆಗ್ದೆ, ನೆಗೆಟಿವ್ ಪ್ಲೇಟ್ ಕೊಡು ಅಂತ ಜಗಳಕ್ಕೆ ನಿಂತ. ಸಾವಿರ ವರ್ಷದ ಮರ ಒಬ್ಬನ ಸೊತ್ತಾಗೋದು ಅಂದ್ರೇನು ಅಂತ ಸಿಟ್ಟು ಹತ್ತಿ ಆ ಮನುಷ್ಯ ಊರೂರು ಸುತ್ತಿ ಜನ ಸೇರ್ಸಿ, ಕಾಡು ಕೊಳ್ಳೋಕೆ ಸರ್ಕಾರದಿಂದ ದುಡ್ಡು ಬರೋ ಹಾಗೆ ಮಾಡ್ದ. ನಂಗೆ ಈ ಕಥೆ ತುಂಬಾ ಇಷ್ಟ.

2020ರ ಆಗಸ್ಟ್‌ನಲ್ಲಿ ಸಿಡಿಲು ಬಡಿದು ಬೆಂಕಿ ಬಿತ್ತಲ್ಲ, ಆಗ ಬಿಗ್ ಬೇಸಿನ್ ಹೆಚ್ಚುಕಮ್ಮಿ ಪೂರ್ತಿ ಸುಟ್ಟುಹೋಯ್ತು, ನೂರಕ್ಕೆ 97 ಭಾಗ ಅಂತಾರೆ, ಹಳೇ ಆಫೀಸ್ ಕಟ್ಟಡಾನೂ ಹೋಯ್ತು. 2022ರಲ್ಲಿ ಮತ್ತೆ ತೆಗೆದ್ರು. ನಾವು ಹೋದಾಗ ಮರಗಳೆಲ್ಲ ಇದ್ದಿಲಿನ ಕಂಬದ ಥರ ಕಪ್ಪಗೆ ನಿಂತಿದ್ವು, ಆದ್ರೆ ಬುಡದಿಂದ ತುದಿವರೆಗೂ ಮೈ ತುಂಬಾ ಹಸಿರು ಚಿಗುರು, ರೋಮ ಬಂದಂಗೆ. ರೆಡ್‌ವುಡ್ ತೊಗಟೆ ಒಂದಡಿ ದಪ್ಪ ಇರುತ್ತೆ, ಒಳಗಿನ ಜೀವ ಸುಡಲ್ಲ. ಮಲೆನಾಡಲ್ಲಿ ಬೆಳೆದ ನಂಗೇ ಅಂಥ ಕಾಡು ನೋಡಿ ಗೊತ್ತಿರ್ಲಿಲ್ಲ. ನೆರಳು ಕಮ್ಮಿ ಆಗಿದೆ, ಬೇಸಿಗೆ ಮಧ್ಯಾಹ್ನ ಬೇಡ, ಬೆಳಗ್ಗೆ ಹೋಗಿ. ಪಾರ್ಕಿಂಗ್ ಮುಂಚೇನೇ ಬುಕ್ ಮಾಡ್ಕೊಳಿ.

ಇನ್ನೊಂದು, ದಾರಿ ಬಿಟ್ಟು ಪೊದೆಗೆ ಮಗನ್ನ ಬಿಡಬೇಡಿ. ಪಾಯ್ಸನ್ ಓಕ್ ಅಂತ ಮೂರು ಮೂರು ಎಲೆ ಇರೋ ಗಿಡ, ತಾಗಿದ್ರೆ ವಾರಗಟ್ಲೆ ತುರಿಕೆ, ಬೊಕ್ಕೆ. ನಮ್ಮ ಕಡೆ ಹೊಳಗೇರು ಮರದ ಹಾಲು ತಾಗಿದ್ರೆ ಆಗುತ್ತಲ್ಲ, ಅದೇ ಥರ, ಎರಡೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದ್ದು. ಮನೆಗೆ ಬಂದ ತಕ್ಷಣ ಬಟ್ಟೆ ಒಗೆಯೋಕೆ ಹಾಕಿ, ಸೋಪ್ ಹಚ್ಚಿ ಕೈಕಾಲು ತೊಳೀರಿ.

ವೀಕೆಂಡ್ ಡ್ರೈವರ್

ಆರು ತಿಂಗಳು ಇರ್ತಾರೆ ಅಂದ್ರೆ ಯೊಸೆಮಿಟಿ ಬಿಟ್ಟು ಇದೆಲ್ಲಾ ಯಾಕೆ? ಮೊದಲು ಅದು ಮುಗಿಸಿ. ಒಂದೇ ಸಲಕ್ಕೆ ಜಲಪಾತ, ಬಂಡೆ, ದೊಡ್ಡ ಮರ ಎಲ್ಲಾ ಆಗುತ್ತೆ. ಮೇ ತಿಂಗಳಲ್ಲಿ ನೀರು ಜೋರಾಗಿರುತ್ತೆ.

ಆಂಡರ್ಸನ್‌ಪೇಟೆ

ಮೇಡಂ, ನಿಮ್ಮ ಪೋಸ್ಟ್ ನೋಡಿ ಲಾಗಿನ್ ಆದೆ. ನಾನೂ ಕೆಜಿಎಫ್‌ನಲ್ಲೇ ಹುಟ್ಟಿ ಬೆಳೆದವನು, ತಾತ ಮೈನ್ಸ್‌ನಲ್ಲಿದ್ರು, ಈಗ ರೋಸ್‌ವಿಲ್‌ನಲ್ಲಿದೀನಿ. ನಿಮ್ಮ ತಂದೆಯವರನ್ನ ಗ್ರಾಸ್ ವ್ಯಾಲಿಗೆ ಕರ್ಕೊಂಡು ಹೋಗಿ, ಎಂಪೈರ್ ಮೈನ್ ಸ್ಟೇಟ್ ಹಿಸ್ಟಾರಿಕ್ ಪಾರ್ಕ್. ಬೇರೆ ಎಲ್ಲಿಗೆ ಹೋಗದಿದ್ರೂ ಪರವಾಗಿಲ್ಲ ಇಲ್ಲಿಗೆ ಹೋಗ್ಲೇಬೇಕು ನೀವು. (ಯೊಸೆಮಿಟಿ ಬೇಡ ಅಂತಿಲ್ಲ ಸರ್, ಅದೂ ಮೊದಲು ರಾಜ್ಯದ ಕೈಲೇ ಇದ್ದಿದ್ದು, 1864ರಲ್ಲಿ ಲಿಂಕನ್ ಕ್ಯಾಲಿಫೋರ್ನಿಯಾಗೆ ಬರ್ಕೊಟ್ಟಿದ್ದು, 1906ರಲ್ಲಿ ವಾಪಸ್ ಕೇಂದ್ರಕ್ಕೆ ಹೋಯ್ತು. ಆದ್ರೆ ಇವರು ಕೇಳ್ತಿರೋದು ಬೇರೆ.)

ನಿಮ್ಮಲ್ಲಿಂದ ಮೂರು ಗಂಟೆ ದಾರಿ. ಐ-80 ಹಿಡಿದು ಆಬರ್ನ್‌ವರೆಗೆ ಬಂದು ಅಲ್ಲಿಂದ ಹೈವೇ 49. 1849ರಲ್ಲಿ ಚಿನ್ನ ಹುಡುಕ್ಕೊಂಡು ಬಂದವರ ನೆನಪಿಗೇ ರಸ್ತೆಗೆ ಆ ನಂಬರ್ ಇಟ್ಟಿರೋದು. ಈ ಗಣಿಯಲ್ಲಿ 1850ರಲ್ಲಿ ಚಿನ್ನ ಸಿಕ್ತು, 1956ರವರೆಗೂ ಅಗೆದ್ರು, ನೂರು ವರ್ಷದ ಮೇಲೆ. ಒಟ್ಟು 58 ಲಕ್ಷ ಔನ್ಸ್ ಚಿನ್ನ, ಒಳಗಡೆ 367 ಮೈಲಿ ಸುರಂಗ. ಈಗ ಕೆಳಗೆಲ್ಲ ನೀರು ತುಂಬ್ಕೊಂಡಿದೆ, ನಮ್ಮ ಕೆಜಿಎಫ್ ಥರಾನೇ.

ನಾನು ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ಗ್ರಾಸ್ ವ್ಯಾಲಿಗೂ ಕೆಜಿಎಫ್‌ಗೂ ಸಂಬಂಧ ಇದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತವರ, ತಾಮ್ರದ ಗಣಿ ನಷ್ಟಕ್ಕೆ ಬಿದ್ದಾಗ ಅಲ್ಲಿನ ಗಣಿಗಾರರು ಕೆಲಸ ಹುಡುಕ್ಕೊಂಡು ದೇಶ ಬಿಟ್ರು. ಒಂದಷ್ಟು ಜನ ಇಲ್ಲಿಗೆ ಬಂದ್ರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಗಣಿ ಹಿಡಿದ ಮೇಲೆ ಅದೇ ಕಾರ್ನ್‌ವಾಲ್‌ನವರು ನಮ್ಮೂರಿಗೂ ಬಂದ್ರು. ಗಟ್ಟಿ ಬಂಡೆ ಒಡೆಯೋದು, ಆಳದಿಂದ ನೀರು ಮೇಲಕ್ಕೆತ್ತೋದು ಅವರಿಗೆ ತಲೆತಲಾಂತರದಿಂದ ಬಂದಿದ್ದ ವಿದ್ಯೆ. ಗ್ರಾಸ್ ವ್ಯಾಲಿಯಲ್ಲಿ ಈಗ್ಲೂ ಅವರ ಪ್ಯಾಸ್ಟಿ ಮಾಡ್ತಾರೆ, ನಮ್ಮ ಬೇಕರಿ ಪಫ್ಸ್ ಥರ ಒಳಗೆ ಪಲ್ಯ ತುಂಬಿರೋದು, ಒಂದು ಕಡೆ ಹಿಟ್ಟನ್ನ ಹಗ್ಗದ ಥರ ದಪ್ಪಕ್ಕೆ ಹೆಣೆದಿರ್ತಾರೆ, ಗಣಿಯೊಳಗೆ ಕೈಲಿ ಹಿಡ್ಕೊಂಡು ತಿನ್ನೋಕೆ ಅಂತ. ನಾವು ಆಲೂಗಡ್ಡೆ ಚೀಸ್ ಹಾಕಿದ್ದು ತಿಂದ್ವಿ, ದನದ ಮಾಂಸದ್ದೂ ಇರುತ್ತೆ, ಅಂಗಡೀಲಿ ಕೇಳಿ ತಗೊಳಿ.

ಪಾರ್ಕ್ ಒಳಗೆ ಮಾಲೀಕ ಬೋರ್ನ್‌ನ ಮನೆ, ಗುಲಾಬಿ ತೋಟ, ಕಮ್ಮಾರರ ಕುಲುಮೆ, ಮೆಷಿನ್ ಶಾಪ್ ಎಲ್ಲಾ ಹಾಗೇ ಇಟ್ಟಿದಾರೆ. (ವುಡ್‌ಸೈಡ್‌ನಲ್ಲಿ ಫಿಲೋಲಿ ಅಂತ ದೊಡ್ಡ ಬಂಗಲೆ, ತೋಟ ಇದ್ಯಲ್ಲ, ಅದೂ ಇದೇ ಬೋರ್ನ್ ಕಟ್ಟಿಸಿದ್ದು.) ಆದ್ರೆ ತಂದೆಯವರನ್ನ ಮೊದಲು ಮಾಡೆಲ್ ರೂಮ್‌ಗೆ ಕರ್ಕೊಂಡು ಹೋಗಿ. ನೆಲದೊಳಗಿನ ಸುರಂಗಗಳನ್ನೆಲ್ಲ ಅಳತೆ ಪ್ರಕಾರ ತಂತಿ ಕಟ್ಟಿ ಮಾಡಿಟ್ಟಿದಾರೆ, ಕಂಪನಿ ಇದ್ದ ಕಾಲದಲ್ಲಿ ಆ ರೂಮ್ ಗುಟ್ಟಾಗಿತ್ತು, ಇಂಜಿನಿಯರ್‌ಗಳು ಮಾತ್ರ ಒಳಗೆ. ಸರ್ವೆ ಸೆಕ್ಷನ್‌ನಲ್ಲಿ ಇಪ್ಪತ್ತೇಳು ವರ್ಷ ಕಳೆದವರಿಗೆ ಅದು ದೇವರ ಮನೆ ಇದ್ದಂಗೆ, ಅವಸರ ಮಾಡಬೇಡಿ. ಆಮೇಲೆ ಶಾಫ್ಟ್, ಅಂದ್ರೆ ಗಣಿಗೆ ಇಳಿಯೋ ಬಾವಿ, ಅದರ ಬಾಯಿ ತನಕ ಇಳಿದು ನೋಡೋಕೆ ಬಿಡ್ತಾರೆ, ಕೆಲವೇ ಮೆಟ್ಟಿಲು.

ಅಮ್ಮನಿಗೆ ತೋಟದಲ್ಲಿ ಬೆಂಚ್ ಇವೆ, ಮಗನಿಗೆ ಹಿಂದುಗಡೆ ಕಾಡಿನಲ್ಲಿ ಮೈಲಿಗಟ್ಲೆ ದಾರಿ ಇದೆ. ಬೋರ್ಡ್ ಹಾಕಿರೋ ಕಡೆ ಮಣ್ಣಿಗೆ ಕೈ ಹಾಕ್ಬೇಡಿ, ಕೆಲವು ಕಡೆ ಮುಚ್ಚಿರ್ತಾರೆ. ಹಳೇ ಗಣಿ ಮಣ್ಣಲ್ಲಿ ಆರ್ಸೆನಿಕ್ ಇರುತ್ತೆ. ನಮ್ಮೂರಿನ ಸೈನೈಡ್ ದಿಬ್ಬ, ಅಂದ್ರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ಗುಡ್ಡ, ನೋಡಿದವರಿಗೆ ನಾನು ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಗಾಳಿ ಬೀಸಿದಾಗ ಆ ಧೂಳು ಅಡುಗೆಮನೆವರೆಗೂ ಬರ್ತಿತ್ತು. ಇಲ್ಲಿ ಗಣಿ ಮುಚ್ಚಿದ ಮೇಲೆ 1975ರಲ್ಲಿ ರಾಜ್ಯ ಸರ್ಕಾರ ಜಾಗ ಕೊಂಡ್ಕೊಂಡು ಪಾರ್ಕ್ ಮಾಡ್ತು, ಈಗ ಎಂಟುನೂರು ಎಕರೆ ಮೇಲಿದೆ, ಮಣ್ಣು, ನೀರು ಶುದ್ಧ ಮಾಡೋ ಕೆಲಸಾನೂ ನಡೀತಿದೆ. ನಮ್ಮ ಶಾಫ್ಟ್‌ಗಳ ಹೆಡ್‌ಗೇರ್, ಅಂದ್ರೆ ಲಿಫ್ಟ್ ಎಳೆಯೋ ಕಬ್ಬಿಣದ ಗೋಪುರ, ತುಕ್ಕು ಹಿಡೀತಾ ನಿಂತಿರೋದು ನೆನೆಸ್ಕೊಂಡ್ರೆ ನಂಗೆ ಇಲ್ಲಿ ಬಂದಾಗಲೆಲ್ಲ ಗಂಟಲು ಕಟ್ಟುತ್ತೆ. ಏಷ್ಯಾದಲ್ಲೇ ಮೊದಲ ಸಾಲಿನಲ್ಲಿ, 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಎಳೆದಿದ್ದ ಊರು ಅದು, ಅದಕ್ಕೂ ಹಿಂಗೊಂದು ಪಾರ್ಕ್ ಆಗ್ಬೇಕಿತ್ತು, ಈಗ್ಲೂ ಆಗಬಹುದು.

ಸಂಜೆ ಟೈಮ್ ಉಳಿದ್ರೆ ಅದೇ ಊರಲ್ಲಿ ನಾರ್ತ್ ಸ್ಟಾರ್ ಮೈನಿನ ಹಳೇ ಪವರ್ ಹೌಸ್ ಮ್ಯೂಸಿಯಂ ಇದೆ, ಅಲ್ಲಿ 30 ಅಡಿಯ ಪೆಲ್ಟನ್ ಚಕ್ರ ನೋಡಿ. ಲೆಸ್ಟರ್ ಪೆಲ್ಟನ್ ಇದೇ ಸೀಮೆಯವನು, ಗಣಿ ಮಿಲ್‌ಗಳನ್ನ ನೀರಿನಿಂದ ಓಡಿಸೋಕೆ ಅಂತ ಕಂಡುಹಿಡಿದು 1880ರಲ್ಲಿ ಪೇಟೆಂಟ್ ತಗೊಂಡ. ನಮ್ಮ ಶರಾವತಿ ಪವರ್ ಹೌಸ್‌ನಲ್ಲಿ ತಿರುಗೋದೂ ಪೆಲ್ಟನ್ ಚಕ್ರಗಳೇ.

ಬಳ್ಳಾರಿ ಬಿಸ್ಲು

ಅಕ್ಕಾರ ನಮಸ್ಕಾರ್ರೀ. ಎಲ್ಲಾರೂ ಬಂಗಾರದ ಸುದ್ದಿ ಹೇಳಾಕತ್ತಾರ, ನಾ ಬಂಗಾರ ಸಿಗೋಕಿಂತ ಮುಂಚಿಂದು ಹೇಳ್ತೀನಿ. ಹೈವೇ 49ಕ್ಕ ಹತ್ತಿರಾನ ಪೈನ್ ಗ್ರೋವ್ ಅಂತ ಸಣ್ಣ ಊರ ಐತಿ, ಅಲ್ಲಿ ಇಂಡಿಯನ್ ಗ್ರೈಂಡಿಂಗ್ ರಾಕ್ ಸ್ಟೇಟ್ ಹಿಸ್ಟಾರಿಕ್ ಪಾರ್ಕ್. ಅಲ್ಲಿನ ಮೂಲನಿವಾಸಿ ಮಿವೋಕ್ ಜನ ಅದಕ್ಕ ಚೌಸೆ ಅಂತಾರ, ಅಂದ್ರ ಬೀಸೋ ಬಂಡಿ. ಒಂದ ದೊಡ್ಡ ಹಾಸುಬಂಡಿ ಐತ್ರೀ, ಅದರ ಮ್ಯಾಲೆ 1,185 ಒರಳು. ಹೌದ್ರೀ, ಎಣಿಸ್ಯಾರ. ಹೆಣ್ಮಕ್ಕಳು ತಲಿತಲಿಯಿಂದ ಕುಂತು ಕುಟ್ಟಿ ಕುಟ್ಟಿ ಬಿದ್ದ ಕುಣಿಗಳು ಅವು.

ಅವರು ಕುಟ್ಟತಿದ್ದದ್ದು ಓಕ್ ಮರದ ಕಾಯಿ. ಅದು ಹಂಗ ತಿನ್ನಾಕ ಬರಂಗಿಲ್ಲ, ಭಾಳ ಒಗರು. ಒಣಗಿಸಿ, ಸಿಪ್ಪಿ ತಗದು, ಕುಟ್ಟಿ ಹಿಟ್ಟ ಮಾಡಿ, ಆಮ್ಯಾಲೆ ನೀರ ಹೊಯ್ದು ಹೊಯ್ದು ಒಗರು ತಗದು ಗಂಜಿ ಕಾಸ್ತಿದ್ರು. ನಮ್ಮವ್ವ ಇದ ನೋಡಿ ಒಂದ ತಾಸು ಅಲ್ಲೇ ನಿಂತ್ಲು, ಯಾವ ಒರಳು ಎಷ್ಟ ಆಳ ಐತಿ, ಇಬ್ಬರು ಎದುರಾ ಬದುರಾ ಕುಂತು ಕುಟ್ಟಿದ್ದು ಯಾವ್ದು, ಸಣ್ಣ ಹುಡುಗಿ ಕುಂತಿದ್ದು ಯಾವ್ದಿರಬೇಕು ಅಂತ ಒಬ್ಬಾಕೀನ ಲೆಕ್ಕಾ ಹಾಕಾಕತ್ತಿದ್ಲು. ಅಮೆರಿಕಾಕ್ಕ ಬಂದು ಮೂರ ತಿಂಗಳಾಗಿತ್ತು, ಅವತ್ತ ಫಸ್ಟ್ ಟೈಮ್ ಆಕಿ ನನಗ ಏನರ ತೋರಿಸಿ ಹೇಳಿದ್ದು, ಅಲ್ಲೀತನಾ ನಾನ ಆಕಿಗೆ ಹೇಳ್ತಿದ್ದೆ. ನಮ್ಮ ಬಳ್ಳಾರಿ ಹತ್ತಿರ ಸಂಗನಕಲ್ಲು ಗುಡ್ಡದಾಗೂ ಹೊಸ ಶಿಲಾಯುಗದ ಮಂದಿ ಕಲ್ಲಿನ ಕೊಡಲಿ ತಿಕ್ಕಿದ ಗೀರು ಬಂಡಿ ಮ್ಯಾಲೆ ಹಂಗ ಅದಾವು, ಅದೂ ಆಕಿಗೆ ನೆನಪಾತು.

ಬಂಡಿ ಮ್ಯಾಲೆ ಹತ್ತಾಕ ಬಿಡಂಗಿಲ್ಲ, ಪಕ್ಕಕ್ಕ ಕಟ್ಟಿಗಿ ಅಟ್ಟ ಮಾಡ್ಯಾರ, ಅಲ್ಲಿಂದ ನೋಡ್ಬೇಕು. ಬಂಡಿ ಮ್ಯಾಲೆ ಅವರು ಕೆತ್ತಿದ ಚಿತ್ರಾನೂ ಅದಾವು, ಭಾಳ ಮಾಸ್ಯಾವು, ಮುಂಜಾನಿ ಓರೆ ಬಿಸಿಲಿನ್ಯಾಗ ಚಲೋ ಕಾಣತಾವು. ಮ್ಯೂಸಿಯಂ ಐತಿ, ಮರದ ತೊಗಟಿಯಿಂದ ಕಟ್ಟಿದ ಗುಡಿಸಲು ಅದಾವು. ಮಂಡಿ ನೋವಿದ್ದವರಿಗೂ ಏನ ತ್ರಾಸ ಇಲ್ಲ. ಮಿವೋಕ್ ಜನಾ ಈಗ್ಲೂ ಸೆಪ್ಟೆಂಬರಿನ್ಯಾಗ ಅಲ್ಲಿ ಕೂಡಿ ಹಬ್ಬ ಮಾಡ್ತಾರ, ಅವರ ಪೂಜಾ ಮಾಡೋ ಜಾಗದಾಗ ಕೇಳದ ಫೋಟೋ ಹೊಡೀಬ್ಯಾಡ್ರೀ.

ಒಂದ ಮಾತು ಹೇಳಲೇಬೇಕು. ಬಂಗಾರ ಸಿಕ್ಕ ಮ್ಯಾಲೆ ಈ ಜನರ ಗತಿ ಭಾಳ ಕೆಟ್ಟದಾತು. ಭೂಮಿ ಹೋತು, ರೋಗ ಬಂತು, ಕೊಂದ್ರು. ಹಂಗಾಗಿ ನಾ ಏನಂತೀನಿ ಅಂದ್ರ, ಎಂಪೈರ್ ಮೈನ್ ನೋಡವರು ಇದನ್ನೂ ನೋಡ್ಬೇಕ್ರೀ, ಎರಡೂ ಕೂಡಿನ ಆ ಊರಿನ ಕಥಿ.

ಮಂಡ್ಯ ಟು ಮರೀನ್

ಅಕ್ಕ, ಅಷ್ಟು ದೂರ ಡ್ರೈವ್ ಮಾಡೋಕೆ ಆಗದೇ ಇರೋ ದಿನಕ್ಕೆ ಏಂಜೆಲ್ ಐಲ್ಯಾಂಡ್ ಇಟ್ಕೊಳಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ನಡುವೆ ಇರೋ ದ್ವೀಪ, ಹೆಚ್ಚುಕಮ್ಮಿ ಪೂರ್ತಿ ಸ್ಟೇಟ್ ಪಾರ್ಕು. ಟಿಬ್ಯುರಾನ್‌ನಿಂದ ಫೆರಿ ಹತ್ತಿದ್ರೆ ಕಾಲು ಗಂಟೆ ಒಳಗೆ ದಡ. ದ್ವೀಪ ಸುತ್ತೋಕೆ ಐದು ಮೈಲಿ ರಸ್ತೆ, ಕಾರಿಲ್ಲ, ಮಗ ಸೈಕಲ್ ತುಳೀಬಹುದು.

ಅಲ್ಲಿ ಇಮಿಗ್ರೇಶನ್ ಸ್ಟೇಷನ್ ಇದೆ, 1910ರಿಂದ 1940ರವರೆಗೆ ನಡೀತು. ಹಡಗಿಂದ ಇಳಿದವರನ್ನ ಅಲ್ಲಿ ಕೂಡಿ ಹಾಕಿ ವಿಚಾರಣೆ ಮಾಡೋರು. ಚೀನೀಯರು ಬರಬಾರದು ಅಂತ 1882ರಲ್ಲೇ ಕಾನೂನು ಮಾಡಿದ್ರಲ್ಲ, ಹಂಗಾಗಿ ಅವರಿಗೆ ವಾರಗಟ್ಲೆ, ತಿಂಗಳುಗಟ್ಲೆ ಕಾಟ. ನಿಮ್ಮೂರಲ್ಲಿ ಮನೆಗೆ ಎಷ್ಟು ಮೆಟ್ಟಿಲು, ಬಾವಿ ಯಾವ ದಿಕ್ಕಿಗೆ ಅಂತೆಲ್ಲ ಕೇಳಿ, ಆಮೇಲೆ ಕುಟುಂಬದವರನ್ನೂ ಅದನ್ನೇ ಕೇಳಿ, ಉತ್ತರ ತಾಳೆ ಆಗದಿದ್ರೆ ವಾಪಸ್. ಅಲ್ಲಿದ್ದವರು ಮರದ ಗೋಡೆ ಮೇಲೆ ಪದ್ಯ ಕೆತ್ತಿದಾರೆ ಕಣಕ್ಕ, ಇನ್ನೂರರ ಮೇಲೆ ಸಿಕ್ಕಿವೆ. ಅಧಿಕಾರಿಗಳು ಅದು ಗಲೀಜು ಅಂತ ಮೆತ್ತಿ ಪೇಂಟ್ ಬಳಿದ್ರು, ಆ ಪೇಂಟಿಂದಾನೇ ಅವು ಉಳ್ಕೊಂಡ್ವು. 1970ರಲ್ಲಿ ಕಟ್ಟಡ ಕೆಡವೋದು ಅಂತ ಇದ್ದಾಗ ಅಲೆಕ್ಸಾಂಡರ್ ವೈಸ್ ಅನ್ನೋ ಪಾರ್ಕ್ ರೇಂಜರ್ ಟಾರ್ಚ್ ಬಿಟ್ಟು ಗೋಡೆ ನೋಡಿ ಇದು ಸಾಮಾನ್ಯದ್ದಲ್ಲ ಅಂತ ಹೇಳ್ದ, ಆಮೇಲೆ ಜನ ಸೇರಿ ಉಳಿಸ್ಕೊಂಡ್ರು.

ನಮ್ಮ ದೇಶದವರೂ ಅಲ್ಲಿ ಇಳಿದಿದಾರೆ, ಪಂಜಾಬಿನ ರೈತರು ಜಾಸ್ತಿ. 1915ರಲ್ಲಿ ಕಲಾ ಬಗಾಯಿ ಅನ್ನೋ ಹೆಣ್ಣುಮಗಳು ಗಂಡ ವೈಷ್ಣೋ ದಾಸ್, ಮೂರು ಗಂಡುಮಕ್ಕಳ ಜೊತೆ ಬಂದಿದ್ದು ಅಲ್ಲಿಗೇ. ಗಂಡನಿಗೆ ಪೌರತ್ವ ಸಿಕ್ತು, 1923ರಲ್ಲಿ ಭಾರತೀಯರು ಪೌರರಾಗೋಕೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕಿತ್ಕೊಂಡ್ರು, ಆ ಮನುಷ್ಯ 1928ರಲ್ಲಿ ಪ್ರಾಣ ಕಳ್ಕೊಂಡ. ಆಯಮ್ಮ ಮಕ್ಕಳನ್ನ ಬೆಳೆಸಿ ಇಲ್ಲೇ ಬಾಳಿದ್ರು, ಈಗ ಬರ್ಕ್ಲಿಯಲ್ಲಿ ಒಂದು ರಸ್ತೆಗೆ ಅವರ ಹೆಸರಿದೆ. ವೀಸಾ, ಗ್ರೀನ್ ಕಾರ್ಡ್ ಅಂತ ದಿನಾ ಒದ್ದಾಡೋ ನಮ್ಮಂಥವರು ಮಕ್ಕಳನ್ನ ಒಂದು ಸಲ ಆ ಗೋಡೆ ಮುಂದೆ ನಿಲ್ಲಿಸಬೇಕು ಅಂತ ನನ್ನ ಅನಿಸಿಕೆ.

ಅಮ್ಮನ ಮಂಡಿಗೆ ಒಂದು ಎಚ್ಚರಿಕೆ, ದಡದಿಂದ ಸ್ಟೇಷನ್ನಿಗೆ ಒಂದು ಮೈಲಿ ಮೇಲೇ ಆಗುತ್ತೆ, ಏರು ಇದೆ. ಶಟಲ್ ಇರೋ ದಿನ ನೋಡ್ಕೊಂಡು ಹೋಗಿ. ಕೊನೇ ಫೆರಿ ಟೈಮ್ ಮೊದಲೇ ಬರ್ಕೊಳಿ. ಗಾಳಿ ಜಾಸ್ತಿ, ಜೂನ್ ಆದ್ರೂ ಸ್ವೆಟರ್ ಬೇಕು.

ಬಂಗಾರಪೇಟೆ ಮಗಳು

ನಿಮ್ಮೆಲ್ಲರಿಗೂ ಹೆಂಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಆಂಡರ್ಸನ್‌ಪೇಟೆ ಅಣ್ಣ, ನೀವು ಬರೆದಿದ್ದನ್ನ ಅಪ್ಪನಿಗೆ ಫೋನಲ್ಲಿ ಓದಿ ಹೇಳ್ದೆ, ಸ್ವಲ್ಪ ಹೊತ್ತು ಸುಮ್ನಿದ್ದು ಆ ಮೈನ್ ಎಷ್ಟು ಲೆವೆಲ್, ಅಂದ್ರೆ ಎಷ್ಟು ಆಳಕ್ಕೆ ಇಳಿದಿದೆ, ಅಂತ ಕೇಳಿದ್ರು.

ಎರಡು ಪ್ರಶ್ನೆ. ನಮ್ಮ ಹತ್ರ ನ್ಯಾಶನಲ್ ಪಾರ್ಕ್ ವರ್ಷದ ಪಾಸ್ ಇದೆ, ಅದು ನಡೆಯುತ್ತಾ? ಮತ್ತೆ ಯಾವ ತಿಂಗಳು ಒಳ್ಳೇದು?

ತೀರ್ಥಹಳ್ಳಿ ಕಡೆಯೋಳು

ನ್ಯಾಶನಲ್ ಪಾಸ್ ಸ್ಟೇಟ್ ಪಾರ್ಕ್‌ನಲ್ಲಿ ನಡೆಯಲ್ಲ, ಎರಡೂ ಬೇರೆ ಬೇರೆ ಇಲಾಖೆ. ದುಡ್ಡು ಕೊಟ್ಟು ಪಾಸ್ ತಗೊಳೋ ಮುಂಚೆ ನಿಮ್ಮೂರ ಲೈಬ್ರರಿಗೆ ಹೋಗಿ. ಲೈಬ್ರರಿ ಕಾರ್ಡ್ ಇದ್ರೆ ಪುಸ್ತಕ ಕೊಟ್ಟಂಗೆ ಸ್ಟೇಟ್ ಪಾರ್ಕ್ ಪಾಸೂ ಎರವಲು ಕೊಡ್ತಾರೆ, ಅದಿದ್ರೆ ಇನ್ನೂರಕ್ಕಿಂತ ಜಾಸ್ತಿ ಪಾರ್ಕ್‌ಗಳಲ್ಲಿ ಕಾರಿನ ಡೇ ಯೂಸ್ ಫೀ ಇಲ್ಲ. ಬೇಡಿಕೆ ಇರುತ್ತೆ, ಒಂದೆರಡು ವಾರ ಮುಂಚೆ ಹೋಲ್ಡ್ ಹಾಕಿ. ಫೆರಿ ಟಿಕೆಟ್ ಅದರಲ್ಲಿ ಬರಲ್ಲ. ಮಗ ನಾಲ್ಕನೇ ಕ್ಲಾಸ್ ಅಂದ್ರಲ್ಲ, ಆ ಕ್ಲಾಸಿನ ಮಕ್ಕಳಿಗೇ ಅಂತ ಅಡ್ವೆಂಚರ್ ಪಾಸ್ ಫ್ರೀ ಇದೆ, ಅದಕ್ಕೂ ಅರ್ಜಿ ಹಾಕಿ, ಯಾವ ಪಾರ್ಕಿಗೆ ಯಾವುದು ಅಂತ ಲಿಸ್ಟ್ ನೋಡ್ಕೊಳಿ.

ಆಂಡರ್ಸನ್‌ಪೇಟೆ

ಮೇ ಕೊನೆ, ಜೂನ್ ಮೊದಲು. ಜುಲೈ ಆಗಸ್ಟ್‌ನಲ್ಲಿ ಇಲ್ಲಿ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತೆ, ಆಮೇಲೆ ಕಾಡ್ಗಿಚ್ಚಿನ ಹೊಗೆ ಶುರು ಆಗೋ ಕಾಲ, ವಯಸ್ಸಾದವರಿಗೆ ಕಷ್ಟ. ಗ್ರಾಸ್ ವ್ಯಾಲಿ ಹತ್ರ ಸೌತ್ ಯೂಬಾ ನದಿ ಪಾರ್ಕಲ್ಲಿ 1862ರ ಚಾವಣಿ ಹಾಕಿದ ಮರದ ಸೇತುವೆ ಇದೆ, ದುರಸ್ತಿ ಮಾಡಿ 2021ರಲ್ಲಿ ಮತ್ತೆ ತೆಗೆದ್ರು, ನೋಡೋಕೆ ಹೋಗಿ. ಆದ್ರೆ ಮಗನ್ನ ನೀರಿಗೆ ಬಿಡಬೇಡಿ, ಹಿಮ ಕರಗಿದ ನೀರು, ಮೇಲಿಂದ ತಿಳಿಯಾಗಿ ಕಾಣುತ್ತೆ, ಒಳಗೆ ಸೆಳೆತ ಇರುತ್ತೆ, ಪ್ರತಿ ವರ್ಷ ಬೇಸಿಗೇಲಿ ಈಜು ಬರೋರೂ ಹೋಗ್ತಾರೆ ಅಲ್ಲಿ. ತಂದೆಯವರಿಗೆ ಒಂದೇ ಲೈನ್ ಉತ್ತರ ಹೇಳಿ, ಶಾಫ್ಟ್ ಓರೆಯಾಗಿ 11,007 ಅಡಿ.

ಬಂಗಾರಪೇಟೆ ಮಗಳು

ಹೋಗಿಬಂದ್ವಿ. ಕೇಳಿ ಸುಮ್ನಾಗ್ಬಾರ್ದು ಅಂತ ಬರೀತಿದೀನಿ, ಉದ್ದ ಆಗುತ್ತೆ.

ಬೆಳಗ್ಗೆ ಆರಕ್ಕೆ ಹೊರಟ್ವಿ, ಚಿತ್ರಾನ್ನ ಮೊಸರನ್ನ ಕಟ್ಕೊಂಡು. ಮಾಡೆಲ್ ರೂಮಿಗೇ ಮೊದಲು ಹೋದ್ವಿ. ಅಪ್ಪ ಕೈ ಹಿಂದೆ ಕಟ್ಕೊಂಡು ಗಾಜಿಗೆ ಮೂಗು ತಾಗೋಷ್ಟು ಹತ್ರ ನಿಂತು ಆ ತಂತಿಗಳನ್ನ ಒಂದೊಂದಾಗಿ ಓದೋಕೆ ಶುರು ಮಾಡಿದ್ರು. ನಿಜವಾಗ್ಲೂ ಓದ್ತಿದ್ರು, ನಾವು ಪೇಪರ್ ಓದ್ತೀವಲ್ಲ ಹಂಗೆ. ಅರ್ಧ ಗಂಟೆ ಆದ್ಮೇಲೆ ಅಲ್ಲಿದ್ದ ವಾಲಂಟಿಯರ್, ಎಪ್ಪತ್ತು ದಾಟಿದ ಹಿರಿಯರು, ಬಂದು ನೀವು ಮೈನರ್ರಾ ಅಂತ ಕೇಳಿದ್ರು. ಅಪ್ಪನ ಇಂಗ್ಲಿಷ್ ಆಫೀಸ್ ಇಂಗ್ಲಿಷು, ಆದ್ರೆ ಮೈನ್ಸ್ ವಿಷಯಕ್ಕೆ ಅವರಿಗೆ ಬೇಕಾಗಿರೋ ಪದಗಳೆಲ್ಲಾ ಇಂಗ್ಲಿಷಲ್ಲೇ ಇವೆ, ಶಾಫ್ಟು, ಲೆವೆಲ್ಲು, ಸ್ಟೋಪು, ವಿಂಜು, ಅದೂ ಇದೂ. ಇಬ್ಬರಿಗೂ ಅರ್ಥ ಆಗೋಕೆ ನನ್ನ ಅಗತ್ಯಾನೇ ಇರ್ಲಿಲ್ಲ.

ಶಾಫ್ಟ್ ಯಾಕೆ ಓರೆ ಅಂತ ಅಪ್ಪನ ಪ್ರಶ್ನೆ, ಚಿನ್ನದ ಪದರ ಓರೆಯಾಗಿ ಇಳಿದಿದೆ, ಅದರ ಜೊತೇನೇ ಇಳಿದಿದಾರೆ ಅಂತ ಅವರು. ನೆಟ್ಟಗೆ ಲೆಕ್ಕ ಹಾಕಿದ್ರೆ ಒಂದು ಮೈಲಿ ಹತ್ರ ಆಳ ಅಂತೆ. ಅಪ್ಪ ಮೆಲ್ಲಗೆ, ನಮ್ಮದು ಎರಡು ಮೈಲಿ ಹತ್ರ, 3,200 ಮೀಟರ್ ಅಂದ್ರು. ಆ ಹಿರಿಯರು ಟೋಪಿ ತೆಗೆದ್ರು. ಆಮೇಲೆ ಅಪ್ಪ ಕೆಳಗೆ ಹೋದಷ್ಟೂ ಬಂಡೆ ಹೆಂಗೆ ಸುಡ್ತಿತ್ತು, ರಾಕ್ ಬರ್ಸ್ಟ್, ಅಂದ್ರೆ ಒತ್ತಡಕ್ಕೆ ಬಂಡೆ ಸಿಡಿಯೋದು, ಆದ್ರೆ ಮೇಲೆ ಊರಲ್ಲಿ ಪಾತ್ರೆ ಹೆಂಗೆ ಅಲ್ಲಾಡ್ತಿತ್ತು, ಒಂದು ಸಲ ಜೊತೆಯವರು ಇಬ್ಬರು ವಾಪಸ್ ಬರ್ಲಿಲ್ಲ, ಇದೆಲ್ಲಾ ಹೇಳಿದ್ರು. ಪಾತ್ರೆ ಅಲ್ಲಾಡ್ತಿದ್ದಿದ್ದು ನಂಗೂ ನೆನಪಿದೆ. ಜೊತೆಯವರ ವಿಷಯ ನಾನು ಮೊದಲನೇ ಸಲ ಕೇಳಿದ್ದು, ನಲವತ್ತೊಂದು ವರ್ಷಕ್ಕೆ. ಮಗ ನನ್ನ ಕೈ ಹಿಡ್ಕೊಂಡು ಬಾಯಿ ಬಿಟ್ಕೊಂಡು ಕೇಳ್ತಿದ್ದ.

ಬೋರ್ನ್ ಮನೆ, ಗುಲಾಬಿ ತೋಟ ಅಮ್ಮನಿಗೆ ಇಷ್ಟ ಆಯ್ತು. ಅಪ್ಪ ಅದನ್ನೆಲ್ಲಾ ನೋಡಿ ಕೂಲಿಯವರ ಲೈನ್ ಮನೆಗಳು ಎಲ್ಲಿ ಅಂತ ಕೇಳಿದ್ರು. ಕೆಲಸಗಾರರೆಲ್ಲ ಊರೊಳಗೆ, ಸುತ್ತಮುತ್ತ ಮನೆ ಮಾಡ್ಕೊಂಡಿದ್ರು, ಇಲ್ಲಿ ಏನೂ ಇಲ್ಲ ಅಂದ್ರು. ಅದು ಅಪ್ಪನಿಗೆ ಸರಿ ಕಾಣ್ಲಿಲ್ಲ, ಕಾರಲ್ಲೂ ಅದೇ ಮಾತು, ಮಾಲೀಕನ ಮಂಚ ಇಟ್ಟಿದಾರೆ, ಕೂಲಿಯವನ ಒಂದು ಕೋಣೆ ಕಟ್ಟಿ ತೋರಿಸಬಹುದಿತ್ತು, ನಮ್ಮೂರಲ್ಲಿ ಮಾಡಿದ್ರೆ ಮೊದಲು ಅದನ್ನ ಉಳಿಸ್ಬೇಕು ಅಂತ. ಆಂಡರ್ಸನ್‌ಪೇಟೆ ಅಣ್ಣ, ಈ ವಿಷಯ ನಿಮ್ಮ ಜೊತೆ ಮಾತಾಡ್ಬೇಕಂತೆ ಅವರಿಗೆ, ನಂಬರ್ ಮೆಸೇಜ್ ಮಾಡ್ತೀನಿ.

ಪ್ಯಾಸ್ಟಿ ತಿಂದ್ವಿ, ಅಮ್ಮನಿಗೆ ಉಪ್ಪು ಖಾರ ಸಾಲ್ದು ಅಂತ ಉಪ್ಪಿನಕಾಯಿ ಹಚ್ಕೊಂಡು ತಿಂದ್ರು. ಬರ್ತಾ ಪೆಲ್ಟನ್ ಚಕ್ರ ನೋಡೋಕೆ ಟೈಮ್ ಸಿಗ್ಲಿಲ್ಲ.

ಬಳ್ಳಾರಿ ಅಣ್ಣಾ, ನೀವು ಹೇಳಿದ ಒರಳಿನ ಬಂಡೆಗೆ ಮುಂದಿನ ಶನಿವಾರ ಹೊರಟಿದೀವಿ. ಅಮ್ಮ ಒಂದೇ ಪ್ರಶ್ನೆ ಕೇಳ್ತಿದಾರೆ, ಕುಟ್ಟೋಕೆ ಅವರು ಒನಕೆ ಬಳಸ್ತಿದ್ರಾ ಗುಂಡು ಕಲ್ಲಾ ಅಂತ.

ಬಳ್ಳಾರಿ ಬಿಸ್ಲು

ಕಲ್ಲ ರೀ. ಮ್ಯೂಸಿಯಂನ್ಯಾಗ ಇಟ್ಟಾರ, ಉದ್ದನ ಕಲ್ಲು, ಹಿಡಿಯೋ ಕಡಿ ಸವದು ನುಣ್ಣಗ ಆಗೇತಿ. ಅಮ್ಮಾರಿಗೆ ಮುಂಜಾನಿ ಬಿಸಿಲಿನ್ಯಾಗ ತೋರಸ್ರಿ.